ಕುಚ್ಚಲಕ್ಕಿಯ ಹದ

ಮದುವೆಯಾಗಿ ದೂರದ ಪಟ್ಟಣದಲ್ಲಿ ಹೊಸ ಸಂಸಾರ ಹೂಡಿದ ಮಗಳು ಊರಿಗೆ ಫೋನು ಮಾಡುತ್ತಾಳೆ. “ಅಮ್ಮಾ, ಈ ಕುಚ್ಚಲಕ್ಕಿ ಬೇಯುವುದೇ ಇಲ್ಲ. ಕುಕ್ಕರು ಹತ್ತು ಸಲ ಕೂಗಿತು. ಹೊರಗೆ ಮುದ್ದೆ, ಒಳಗೆ ಕಲ್ಲು.” ತಾಯಿ ಕೇಳುವುದು ಒಂದೇ ಪ್ರಶ್ನೆ: “ನೀರಿಗೆ ಹಾಕಿಟ್ಟಿದ್ದೆಯಾ?” ಆ ಕಡೆಯಿಂದ ಉತ್ತರವಿಲ್ಲ.

ನಮ್ಮ ಕಡೆಯ ಅನೇಕ ಮನೆಗಳಲ್ಲಿ ಈ ಮಾತುಕತೆ ನಡೆದಿರಬಹುದು. ಎರಡು ಮೂರು ಸಲ ಹೀಗಾದರೆ ಮುಂದಿನ ತಿಂಗಳು ಆ ಮನೆಗೆ ಬೆಳ್ತಿಗೆ ಅಕ್ಕಿಯ ಚೀಲ ಬರುತ್ತದೆ. ಆಮೇಲೆ ಗಂಜಿ ಎಂಬುದು ಜ್ವರ ಬಂದವರ ಪಥ್ಯ ಮಾತ್ರವಾಗುತ್ತದೆ. ಮಕ್ಕಳಿಗೆ ಅದರ ರುಚಿಯೇ ಹಿಡಿಯುವುದಿಲ್ಲ. ಇನ್ನೊಂದೆಡೆ, ವೈದ್ಯರ ಮಾತು ಕೇಳಿ ತೌಡಿರುವ ಕೆಂಪಕ್ಕಿಗೆ ಮರಳಿದವರೂ ಬೇಯಿಸುವ ಕ್ರಮ ತಿಳಿಯದೆ ಹದಿನೈದೇ ದಿನಗಳಲ್ಲಿ ಅದನ್ನು ಕೈಬಿಡುತ್ತಾರೆ. ತಪ್ಪು ಅಕ್ಕಿಯದಲ್ಲ. ಬೆಳ್ತಿಗೆ ಅಕ್ಕಿಯ ಲೆಕ್ಕದಲ್ಲಿ ಕುಚ್ಚಲಕ್ಕಿಯನ್ನು ಬೇಯಿಸಲು ಹೊರಟದ್ದೇ ತಪ್ಪು.

ಹೆಸರು ಹಲವು, ಅಕ್ಕಿ ಒಂದೇ

ಭತ್ತವನ್ನು ನೀರಿನಲ್ಲಿ ನೆನೆಸಿ, ಹಂಡೆಯಲ್ಲಿ ಬೇಯಿಸಿ, ಅಂಗಳದಲ್ಲಿ ಒಣಗಿಸಿ, ಆ ಮೇಲೆ ಕುಟ್ಟಿ ತೆಗೆದದ್ದು ಕುಚ್ಚಲಕ್ಕಿ. ಬೇಯಿಸದೆ ಒಣ ಭತ್ತವನ್ನೇ ಕುಟ್ಟಿದರೆ ಬೆಳ್ತಿಗೆ. ತುಳುವರು ಉರ್ಪೆಲ್ ಅರಿ ಎನ್ನುವುದೂ, ಕೊಂಕಣಿಯವರು ಉಕ್ಡೆ ತಾಂದೂಳ್ ಎನ್ನುವುದೂ, ಮಲಯಾಳದಲ್ಲಿ ಪುಳುಕ್ಕಲರಿ ಎನ್ನುವುದೂ ಇದನ್ನೇ. ಪಚ್ಚರಿ ಎಂದರೆ ಬೆಳ್ತಿಗೆ. ಘಟ್ಟದ ಮೇಲಿನಿಂದ ಇಲ್ಲಿಗೆ ಬಂದ ಸೊಸೆಯಂದಿರು ಇಷ್ಟು ತಿಳಿದುಕೊಂಡರೆ ರೇಷನ್ ಅಂಗಡಿಯಲ್ಲಿ ಗೊಂದಲವಾಗದು.

ಹೀಗೆ ಒಮ್ಮೆ ಬೆಂದು ಒಣಗಿದ ಕಾಳು ಗಾಜಿನಂತೆ ಗಟ್ಟಿಯಾಗುತ್ತದೆ. ಅದರ ಮೇಲೆ ತೌಡಿನ ಪದರವೂ ಉಳಿದಿದ್ದರೆ ನೀರು ಒಳಗೆ ಇಳಿಯುವುದು ಇನ್ನೂ ನಿಧಾನ. ಒಳಗೆ ನೀರು ತಲಪುವ ಮೊದಲೇ ದೊಡ್ಡ ಉರಿ ಕೊಟ್ಟರೆ ಹೊರಭಾಗ ಒಡೆದು ಕರಗುತ್ತದೆ, ನಡುಭಾಗ ಹಾಗೆಯೇ ಉಳಿಯುತ್ತದೆ. ಹೊರಗೆ ಮುದ್ದೆ, ಒಳಗೆ ಕಲ್ಲು ಆಗುವುದು ಹೀಗೆ.

ಈ ಕಷ್ಟಕ್ಕೆ ತಕ್ಕ ಪ್ರತಿಫಲವೂ ಇದೆ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್, ಪಾಲಿಶ್ ಮಾಡಿದ ಅಕ್ಕಿಯನ್ನೇ ತಿಂದ ಕೋಳಿಗಳ ಕಾಲು ಸೋಲುವುದನ್ನೂ, ತೌಡಿರುವ ಅಕ್ಕಿ ಕೊಟ್ಟಾಗ ಅವು ಚೇತರಿಸಿಕೊಳ್ಳುವುದನ್ನೂ ಕಂಡರು. ಬೆರಿಬೆರಿ ರೋಗದ ಗುಟ್ಟು ತಿಳಿಯಲು ಅದು ದಾರಿಯಾಯಿತು. 1929ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ತೌಡಿನಲ್ಲಿರುವ ಬಿ1 ಜೀವಸತ್ವದ ಒಂದಂಶ ಭತ್ತವನ್ನು ನೆನೆಸಿ ಬೇಯಿಸುವಾಗ ಕಾಳಿನ ಒಳಗೆ ಇಳಿಯುತ್ತದೆ. ಆದ್ದರಿಂದ ಕುಚ್ಚಲಕ್ಕಿಯನ್ನು ಮಿಲ್ಲಿನಲ್ಲಿ ಸ್ವಲ್ಪ ಉಜ್ಜಿದರೂ ಸತ್ವವೆಲ್ಲ ಹೋಗುವುದಿಲ್ಲ. ತೌಡು ಉಳಿದಿದ್ದರೆ ನಾರಿನ ಅಂಶವೂ ದೊರೆಯುತ್ತದೆ. ಆದರೆ ಕೆಂಪಕ್ಕಿಯೂ ಅಕ್ಕಿಯೇ ಎಂಬುದನ್ನು ಮರೆಯಬಾರದು. ಸಕ್ಕರೆ ಕಾಯಿಲೆಯವರು ಕೆಂಪಕ್ಕಿ ಎಂಬ ಧೈರ್ಯದಿಂದ ಹೆಚ್ಚು ಬಡಿಸಿಕೊಳ್ಳುವುದು ಸಲ್ಲದು.

ಅಕ್ಕಿ ಕೊಳ್ಳುವಾಗ

ಅಂಗಡಿಯಲ್ಲಿ ‘ಮಟ್ಟ’ ಎಂದು ಸಿಗುವುದು ಕೆಂಪು ಕುಚ್ಚಲಕ್ಕಿ. ಗುಂಡಗಿರುವುದು ಉಂಡ ಮಟ್ಟ, ಉದ್ದಗಿರುವುದು ವಡಿ ಮಟ್ಟ. ಪಟ್ಟಾಂಬಿಯ ಸಂಶೋಧನಾ ಕೇಂದ್ರದಿಂದ 1974ರಲ್ಲಿ ಹೊರಬಂದ ‘ಜ್ಯೋತಿ’, ಕುಟ್ಟನಾಡಿನ ಮಂಕೊಂಬು ಕೇಂದ್ರದ ‘ಭದ್ರಾ’ ಅರ್ಥಾತ್ ಎಂ.ಒ. 4, ಇವೂ ಕೆಂಪಕ್ಕಿಯ ತಳಿಗಳೇ. ಕೇರಳದ ಈ ಎಂ.ಒ. 4 ದಕ್ಷಿಣ ಕನ್ನಡ, ಉಡುಪಿಗಳ ಗದ್ದೆಗಳಲ್ಲಿ ಬೇರೂರಿ ಬಹುಕಾಲವಾಯಿತು.

ಅಂಗೈಯಲ್ಲಿ ಒಂದಿಷ್ಟು ಅಕ್ಕಿ ಹರಡಿ ನೋಡಿರಿ. ಕಾಳಿನ ಮೇಲೆ ಒಂದೆರಡು ಕೆಂಪು ಗೆರೆ ಮಾತ್ರ ಇದ್ದರೆ ಮಿಲ್ಲಿನಲ್ಲಿ ಚೆನ್ನಾಗಿ ಉಜ್ಜಿದ್ದಾರೆಂದು ಅರ್ಥ. ಮೈತುಂಬ ಕೆಂಪಿದ್ದರೆ ತೌಡು ಉಳಿದಿದೆ. ತೊಳೆದಾಗ ನೀರು ಸ್ವಲ್ಪ ಕೆಂಪಾಗುವುದು ಸಹಜ. ಆದರೆ ತಣ್ಣೀರಿನಲ್ಲಿ ತಿಕ್ಕಿದ ಮಾತ್ರಕ್ಕೆ ಬಣ್ಣವೆಲ್ಲ ಬಿಟ್ಟು ಕಾಳು ಬಿಳುಪಾದರೆ ಆ ಅಕ್ಕಿಯನ್ನು ಅಂಗಡಿಗೆ ಹಿಂದಿರುಗಿಸುವುದೇ ಸರಿ. ನಿಜವಾದ ಕೆಂಪು ತೌಡಿನದು, ಅದು ಹಾಗೆ ತೊಳೆದುಹೋಗುವುದಿಲ್ಲ.

ತೌಡಿನಲ್ಲಿ ಎಣ್ಣೆಯ ಅಂಶವಿರುವುದರಿಂದ ಬಹುಕಾಲ ಇಟ್ಟರೆ ಕಮಟು ವಾಸನೆ ಬರುತ್ತದೆ. ಒಂದೆರಡು ತಿಂಗಳಿಗೆ ಬೇಕಾದಷ್ಟನ್ನು ಮಾತ್ರ ತಂದು ತೇವ ತಾಗದ ಡಬ್ಬದಲ್ಲಿ ಮುಚ್ಚಿಡಿರಿ.

ನೆನೆಹಾಕುವುದೇ ಅರ್ಧ ಅಡುಗೆ

ಅಕ್ಕಿಯನ್ನು ಗೆರಸೆಯಲ್ಲಿ ಕೇರಿ ಕಲ್ಲು, ಭತ್ತ ಹೆಕ್ಕಿ, ಎರಡು ಮೂರು ನೀರಿನಲ್ಲಿ ತೊಳೆಯಿರಿ. ಮೈತುಂಬ ತೌಡಿರುವ ಅಕ್ಕಿಯಾದರೆ ರಾತ್ರಿ ನೀರಿಗೆ ಹಾಕಿ ಬೆಳಿಗ್ಗೆ ಬೇಯಿಸುವುದು ಉತ್ತಮ. ಸಾಧಾರಣ ಕುಚ್ಚಲಕ್ಕಿಗೆ ಎರಡು ಮೂರು ಗಂಟೆ ಸಾಕು. ಮರೆತುಹೋದರೆ ಕುದಿಯುವ ನೀರು ಹೊಯ್ದು ಒಂದು ಗಂಟೆ ಮುಚ್ಚಿಡಬಹುದು. ತೊಳೆದ ಮೇಲೆ ನೆನೆಹಾಕಿದ ನೀರನ್ನೇ ಬೇಯಿಸಲು ಬಳಸಿದರೆ ನೀರಿಗಿಳಿದ ಸತ್ವ ನಷ್ಟವಾಗದು. ಸೆಕೆಗಾಲದಲ್ಲಿ ಅದಕ್ಕೆ ಹುಳಿವಾಸನೆ ಬಂದಿದ್ದರೆ ಮಾತ್ರ ಚೆಲ್ಲಿಬಿಡಿ.

ಬಾಗಿಸಿದ ಅನ್ನ, ಗಂಜಿ

ಒಂದು ಲೋಟ ಅಕ್ಕಿಗೆ ಆರರಿಂದ ಏಳು ಲೋಟ ನೀರು ಬೇಕು. ದಪ್ಪ ತಳದ, ಸಾಕಷ್ಟು ದೊಡ್ಡ ಪಾತ್ರೆಯನ್ನೇ ಆರಿಸಿರಿ. ಮೊದಲು ದೊಡ್ಡ ಉರಿಯಲ್ಲಿ ಕುದಿ ಬರಲಿ. ನೊರೆ ಉಕ್ಕುವಾಗ ಮುಚ್ಚಳವನ್ನು ಓರೆಯಾಗಿಟ್ಟು ಉರಿ ತಗ್ಗಿಸಿರಿ. ನೆನೆದ ಅಕ್ಕಿ ಮೂವತ್ತರಿಂದ ನಲವತ್ತು ನಿಮಿಷಗಳಲ್ಲಿ ಬೇಯುತ್ತದೆ. ನೆನೆಯದ್ದಕ್ಕೆ ಒಂದು ಗಂಟೆಗೂ ಹೆಚ್ಚು ಬೇಕಾದೀತು. ಹೊಸ ಅಕ್ಕಿ ಬೇಗ ಮೆತ್ತಗಾಗುತ್ತದೆ, ಹಳೆಯ ಅಕ್ಕಿ ಹೆಚ್ಚು ನೀರು ಕುಡಿದು ಚೆನ್ನಾಗಿ ಅರಳುತ್ತದೆ.

ಹದ ನೋಡಲು ಒಂದು ಅಗುಳನ್ನು ತೆಗೆದು ಬೆರಳುಗಳ ನಡುವೆ ಒತ್ತಿರಿ. ನಡುವೆ ಬಿಳಿಯ ಚುಕ್ಕೆ ಕಂಡರೆ ಇನ್ನೂ ಬೇಯಬೇಕು. ಅಗುಳು ಹಿಗ್ಗಿ, ಸಿಪ್ಪೆ ಬಿರಿದು, ಒತ್ತಿದಾಗ ಪೂರ್ತಿ ಮೆತ್ತಗಾದರೆ ಅದೇ ಹದ. ಅನ್ನ ಬೇಕಾದವರು ಈಗ ಬಾಗಿಸಿ, ಪಾತ್ರೆಯನ್ನು ಹತ್ತು ನಿಮಿಷ ಮುಚ್ಚಿಡಬೇಕು. ಗಂಜಿ ಬೇಕಾದವರು ತೆಳಿಯ ಸಮೇತ ಹಾಗೆಯೇ ಇಟ್ಟು, ಉಣ್ಣುವ ಹೊತ್ತಿಗೆ ಉಪ್ಪು ಹಾಕಿಕೊಂಡರಾಯಿತು.

ಬಾಗಿಸಿದ ತೆಳಿಯನ್ನು ಮಾತ್ರ ಚೆಲ್ಲಬೇಡಿ. ನೀರಿನಲ್ಲಿ ಕರಗುವ ಜೀವಸತ್ವಗಳು ಅದರಲ್ಲಿ ಇಳಿದಿರುತ್ತವೆ. ಬಿಸಿಯಿರುವಾಗಲೇ ಚಿಟಿಕೆ ಉಪ್ಪು, ಒಂದು ಚಮಚ ತುಪ್ಪ ಅಥವಾ ಸ್ವಲ್ಪ ಮಜ್ಜಿಗೆ ಹಾಕಿ ಕುಡಿಯಬಹುದು. ಸಾರಿಗೂ ಬೆರೆಸಬಹುದು. ಬೇಯಿಸಿದ ನೀರನ್ನೂ ಜೊತೆಗೇ ಉಣ್ಣುವ ಗಂಜಿಯಲ್ಲಿ ಹೀಗೆ ನಷ್ಟವಾಗುವುದು ಏನೂ ಇಲ್ಲ.

ಕುಕ್ಕರಿನಲ್ಲಿ

ನೆನೆದ ಒಂದು ಲೋಟ ಅಕ್ಕಿಗೆ ನಾಲ್ಕು ಲೋಟ ನೀರು. ಕುಕ್ಕರು ಅರ್ಧಕ್ಕಿಂತ ಹೆಚ್ಚು ತುಂಬಿರಕೂಡದು. ತುಂಬಿದರೆ ನೊರೆ ಏರಿ ಆವಿಯ ದಾರಿ ಕಟ್ಟಿಕೊಂಡು ಅಪಾಯವಾದೀತು. ಮೊದಲ ಕೂಗು ಬಂದೊಡನೆ ಉರಿ ಸಣ್ಣದು ಮಾಡಿ ಹದಿನೈದು ನಿಮಿಷ ಬಿಡಿ. ಬಳಿಕ ಒಲೆ ಆರಿಸಿ, ಆವಿ ತಾನಾಗಿ ಇಳಿಯುವವರೆಗೆ ಮುಟ್ಟಬೇಡಿ. ಅವಸರದಿಂದ ಕುಕ್ಕರಿನ ಮೇಲೆ ತಣ್ಣೀರು ಹೊಯ್ದರೆ ಒತ್ತಡ ಒಮ್ಮೆಲೇ ಇಳಿದು ಅಗುಳು ಒಡೆಯುತ್ತದೆ. ಒಲೆ ಆರಿದ ಮೇಲಿನ ಆ ಅರ್ಧ ಗಂಟೆಯಲ್ಲಿಯೂ ಅಕ್ಕಿ ಬೇಯುತ್ತಲೇ ಇರುತ್ತದೆ. ಕೂಗು ಎಣಿಸುವವರು ಲೆಕ್ಕಕ್ಕೆ ಹಿಡಿಯದೆ ಬಿಡುವುದು ಈ ಅರ್ಧ ಗಂಟೆಯನ್ನೇ.

ಗ್ಯಾಸ್ ಉಳಿಸುವ ಪೆಟ್ಟಿಗೆ

ಕುಚ್ಚಲಕ್ಕಿಗೆ ಗ್ಯಾಸ್ ಬಹಳ ಖರ್ಚು ಎಂಬ ದೂರಿಗೆ ಕೇರಳದಲ್ಲಿಯೇ ಪರಿಹಾರವಿದೆ. 1962ರಲ್ಲಿ ಸ್ಥಾಪನೆಯಾದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಪ್ರಚಾರಕ್ಕೆ ತಂದ ‘ಚೂಡಾರಾಪೆಟ್ಟಿ’ಯನ್ನು, ಅಂದರೆ ಬಿಸಿ ಆರದ ಪೆಟ್ಟಿಗೆಯನ್ನು, ಅನೇಕರು ಕಂಡಿರಬಹುದು. ಒಳಗೆ ಥರ್ಮೋಕೋಲ್ ಹೊದಿಸಿದ ಪೆಟ್ಟಿಗೆಯಷ್ಟೆ. ನೆನೆದ ಅಕ್ಕಿಯನ್ನು ಹತ್ತು ಹದಿನೈದು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಳ ಹಾಕಿದ ಪಾತ್ರೆಯನ್ನು ಹಾಗೆಯೇ ಅದರಲ್ಲಿ ಇಳಿಸಿ ಮುಚ್ಚಿಬಿಟ್ಟರೆ, ಸುಮಾರು ಒಂದೂವರೆ ಗಂಟೆಯಲ್ಲಿ ಅನ್ನವಾಗುತ್ತದೆ. ನಡುವೆ ತೆರೆದು ನೋಡಬಾರದು. ಅಂಗಡಿಯಲ್ಲಿ ಸಿಗುವ ಥರ್ಮಲ್ ಕುಕ್ಕರಿನ ತತ್ವವೂ ಇದೇ. ಅಜ್ಜಿಯಂದಿರು ಕುದಿ ಬಂದ ಅಳಗೆಯ ಕೆಳಗಿನ ಕೊಳ್ಳಿ ಹಿಂದೆಳೆದು, ಕೆಂಡದ ಮೇಲೆ ಮುಚ್ಚಿಟ್ಟು ತೋಟಕ್ಕೆ ಹೋಗುತ್ತಿದ್ದುದೂ ಇದನ್ನು ತಿಳಿದೇ.

ಉಳಿದ ಅನ್ನ

ಉಳಿದ ಕುಚ್ಚಲಕ್ಕಿ ಅನ್ನಕ್ಕೆ ನೀರು ಹೊಯ್ದಿಟ್ಟು, ಬೆಳಿಗ್ಗೆ ಮೊಸರು, ಹಸಿಮೆಣಸು, ಚೂರು ಉಳ್ಳಿಯೊಂದಿಗೆ ತಂಗಳುಣ್ಣುವುದು ಹಿಂದಿನಿಂದ ಬಂದ ರೂಢಿ. ರುಚಿಯಲ್ಲಿ ಅದನ್ನು ಮೀರಿಸುವುದು ಕಡಿಮೆ. ಆದರೆ ಬೇಯಿಸಿದರೂ ಸಾಯದ ಕೆಲವು ರೋಗಾಣು ಬೀಜಗಳು ಉಗುರುಬೆಚ್ಚಗಿನ ಅನ್ನದಲ್ಲಿ ಬೆಳೆಯುತ್ತವೆಂದು ಈಗ ತಿಳಿದಿದೆ. ಆದುದರಿಂದ ಅನ್ನವನ್ನು ಬೇಗ ಆರಿಸಿ ಫ್ರಿಜ್ಜಿನಲ್ಲಿಡುವುದು ಕ್ಷೇಮ. ಬಿಸಿ ಪೆಟ್ಟಿಗೆಯಲ್ಲಿ ರಾತ್ರಿಯಿಡೀ ಬಿಡಬಾರದು. ಎಳೆಯ ಮಕ್ಕಳಿಗೂ ಕಾಯಿಲೆಯವರಿಗೂ ತಂಗಳು ಬೇಡ.

ತೌಡು ತೆಗೆಯದ ಬೆಳ್ತಿಗೆ ಅಕ್ಕಿಯೂ ಈಗ ಪೊಟ್ಟಣಗಳಲ್ಲಿ ಬರುತ್ತದೆ. ಅದಕ್ಕೆ ಕ್ರಮ ಬೇರೆ. ಎರಡು ಮೂರು ಗಂಟೆ ನೆನೆಸಿ, ಒಂದಕ್ಕೆ ಎರಡೂವರೆ ಪಾಲು ನೀರಿಟ್ಟು, ಮುಚ್ಚಿ, ಸಣ್ಣ ಉರಿಯಲ್ಲಿ ಸುಮಾರು ನಲವತ್ತು ನಿಮಿಷ ಇಂಗಿಸಬೇಕು. ಬಾಗಿಸುವ ಕೆಲಸವಿಲ್ಲ.

ನಮ್ಮ ಜಿಲ್ಲೆಯ ನೆಟ್ಟಣಿಗೆಯ ಕೃಷಿಕ ಸತ್ಯನಾರಾಯಣ ಬೇಳೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಕಾಪಾಡಿದ್ದಕ್ಕಾಗಿ 2024ರಲ್ಲಿ ಪದ್ಮಶ್ರೀ ಪಡೆದರು. ಬೀಜ ಉಳಿಸುವವರು ತಮ್ಮ ಕೆಲಸ ಮಾಡಿದ್ದಾರೆ. ಅದು ಗದ್ದೆಯಲ್ಲಿ ಉಳಿಯಬೇಕಾದರೆ ಅಡುಗೆಮನೆಯಲ್ಲಿ ಬೇಯಿಸುವವರೂ ಉಣ್ಣುವವರೂ ಇರಬೇಕು.

ಇಂದು ರಾತ್ರಿ ಊಟವಾದ ಮೇಲೆ ಪಾತ್ರೆ ತೊಳೆದಿಡುವಾಗ ಒಂದು ಲೋಟ ಅಕ್ಕಿಯನ್ನೂ ತೊಳೆದು ನೀರಿಗೆ ಹಾಕಿಡಿ. ನಾಳೆ ಬಿಸಿ ಗಂಜಿಗೆ ಮಾವಿನ ಮಿಡಿ ಉಪ್ಪಿನಕಾಯಿಯೋ, ಸುಟ್ಟ ಹಪ್ಪಳವೋ, ಹುರುಳಿ ಚಟ್ನಿಯೋ, ಒಣಮೀನೋ, ಮನೆಯ ರೂಢಿಯಿದ್ದಂತೆ ಇರಲಿ. ದೂರದೂರಿನಲ್ಲಿ ಮಗಳಿದ್ದರೆ, ಅವಳಿಗೂ ಇವತ್ತೇ ಫೋನು ಮಾಡಿ ನೀರಿನ ಲೆಕ್ಕವನ್ನು ಹೇಳಿಬಿಡಿ.