ಫ್ರಿಜ್ಜಿಗೂ ಒಂದು ನಲ್ಲಿ ಬೇಕೇ?

ಬಾಗಿಲು ತೆರೆಯುವಂತಿಲ್ಲ, ಬಾಟಲಿ ತುಂಬಿಸಿಡುವಂತಿಲ್ಲ. ಲೋಟ ಒತ್ತಿದರೆ ಸಾಕು, ತಣ್ಣೀರು! ಇನ್ನೊಂದು ಗುಂಡಿ ಒತ್ತಿದರೆ ಗಳಗಳನೆ ಐಸು! ಅಂಗಡಿಯಲ್ಲಿ ಆ ದೊಡ್ಡ ಎರಡು ಬಾಗಿಲಿನ ಫ್ರಿಜ್ಜನ್ನು ನೋಡಿದಾಗ ನಿಮಗೂ ಆಸೆಯಾಗಿರಬೇಕು, ಅಲ್ಲವೇ? ನನಗಂತೂ ಆಯಿತು. ಎರಡು ವರ್ಷ ಚೀಟಿ ಕಟ್ಟಿ ಕೂಡಿಟ್ಟ ಹಣದಲ್ಲಿ 2023ರ ಯುಗಾದಿಗೆ ಅದನ್ನು ಮನೆಗೆ ತಂದೇ ಬಿಟ್ಟೆ.

"ಮಡಕೆಗೆ ಪೈಪ್ ಬೇಡ ಕಣಮ್ಮಾ" ಎಂದು ನಮ್ಮ ಅತ್ತೆ ನಕ್ಕಿದ್ದರು. ಅವರ ಮಾತನ್ನು ಆಗ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಇಂಥ ಫ್ರಿಜ್ಜು ಕೊಳ್ಳಬೇಕೆಂದಿರುವ ಅಥವಾ ಈಗಾಗಲೇ ಕೊಂಡಿರುವ ಸೋದರಿಯರಿಗೆ ನನ್ನ ಅನುಭವದಿಂದ ನಾಲ್ಕು ಮಾತು ಹೇಳೋಣವೆಂದು ಈ ಬರಹ.

ನಮ್ಮ ಮನೆಯಲ್ಲಿ ಆದದ್ದು

ಫ್ರಿಜ್ಜು ಇಳಿಸಲು ಬಂದ ಹುಡುಗ ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿದ. ಅಡಿಗೆಮನೆಯ ಗೋಡೆಯ ಮೇಲೆ ಹಾದುಹೋಗಿದ್ದ ಬೋರ್‌ವೆಲ್ ಪೈಪಿಗೆ ಒಂದು ಹಿಡಿಕೆ ಬಿಗಿದ, ಅದರ ಮೊಳೆಯಿಂದಲೇ ಪೈಪಿಗೆ ತೂತು ಕೊರೆದ, ಸಣ್ಣ ಬಿಳಿ ಟ್ಯೂಬನ್ನು ಸಿಕ್ಕಿಸಿದ. "ಆಯ್ತು ಮೇಡಂ" ಅಂದ. ನಾನೂ ಕಾಫಿ ಕೊಟ್ಟು ಕಳಿಸಿದೆ.

ಮೊದಲ ವಾರವೇ ಐಸು ಸಣ್ಣಸಣ್ಣದಾಗಿ, ಟೊಳ್ಳಾಗಿ ಬರತೊಡಗಿತು. ಕರಗಿದ ಮೇಲೆ ಲೋಟದ ತಳದಲ್ಲಿ ಸುಣ್ಣದ ಹಾಗೆ ಬಿಳಿ ಪುಡಿ. ನೀರು ಬರುವುದೂ ನೂಲಿನ ಎಳೆಯಂತೆ. ಮೂರು ತಿಂಗಳಾಗುವಷ್ಟರಲ್ಲಿ ಫ್ರಿಜ್ಜಿನ ಪಕ್ಕದ ನೆಲ ಸ್ವಲ್ಪ ಒದ್ದೆ ಒದ್ದೆ ಕಾಣಿಸಿತು. ಫ್ರಿಜ್ಜು ತಾನೇ, ಬೆವರಿರಬೇಕು ಎಂದುಕೊಂಡು ಬಟ್ಟೆಯಲ್ಲಿ ಒರೆಸಿದೆ. ಮಾರನೆಯ ದಿನವೂ ಒರೆಸಿದೆ.

ಮೂರನೆಯ ದಿನ ಬೆಳಗಿನ ಜಾವ ಐದಕ್ಕೆ ಅತ್ತೆ ದೇವರ ನೀರು ಹಿಡಿಯಲು ಎದ್ದು ಬಂದವರು ಅಲ್ಲೇ ಜಾರಿದರು. ಬಲಗೈ ಮಣಿಕಟ್ಟು ಮುರಿದಿತ್ತು. ಆರು ವಾರ ಪಟ್ಟಿ. ಆರು ವಾರವೂ ನಾನೇ ಅವರಿಗೆ ತುತ್ತು ಕಲಸಿಟ್ಟೆ, ತಲೆ ಬಾಚಿದೆ. ಅವರು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು ಅನಿಸುತ್ತಿತ್ತು. ಒದ್ದೆ ಯಾಕೆ ಬಂತು ಎಂದು ಎರಡು ದಿನ ಮೊದಲೇ ಬಗ್ಗಿ ನೋಡಿದ್ದರೆ?

ಆ ಮೇಲೆ ನಮ್ಮೂರಿನ ಹಳೆಯ ಪ್ಲಂಬರ್ ಒಬ್ಬರನ್ನು ಕರೆಸಿದೆ. ಅವರು ಫ್ರಿಜ್ಜನ್ನು ಎಳೆದು ಹಿಂದೆ ತೋರಿಸಿದರು. ತೂತು ಕೊರೆದ ಹಿಡಿಕೆಯ ಹತ್ತಿರ ಹನಿ ಹನಿಯಾಗಿ ಸೋರುತ್ತಿತ್ತು. ಅಂದು ಅವರ ಪಕ್ಕದಲ್ಲಿ ನಿಂತು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿ ಕಲಿತದ್ದನ್ನೇ ನಿಮಗೆ ಹೇಳುತ್ತಿದ್ದೇನೆ.

ಮೊದಲು ನಿಮ್ಮ ಫ್ರಿಜ್ಜು ಯಾವ ಜಾತಿಯದು ನೋಡಿ

ನೀರು ಕೊಡುವ ಫ್ರಿಜ್ಜುಗಳಲ್ಲಿ ಎರಡು ಬಗೆ. ಒಂದರಲ್ಲಿ ಒಳಗೇ ಒಂದು ಡಬ್ಬಿ ಇರುತ್ತದೆ. ಕುಡಿಯುವ ನೀರನ್ನು ನಾವೇ ತುಂಬಬೇಕು. ಇದಕ್ಕೆ ಪೈಪೂ ಬೇಡ, ಪ್ಲಂಬರೂ ಬೇಡ. ಇನ್ನೊಂದಕ್ಕೆ ಹಿಂಬದಿಯಲ್ಲಿ ಪೈಪ್ ಜೋಡಿಸುವ ಬಾಯಿ ಇರುತ್ತದೆ. ಅದರ ಒಳಗೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಪುಟ್ಟ ವಾಲ್ವು. ಗುಂಡಿ ಒತ್ತಿದಾಗ ಅದು ತೆರೆಯುತ್ತದೆ, ಬಿಟ್ಟಾಗ ಮುಚ್ಚುತ್ತದೆ. ನಮ್ಮ ಊರುಗಳಿಗೆ ನನ್ನನ್ನು ಕೇಳಿದರೆ ಡಬ್ಬಿಯದೇ ವಾಸಿ. ಕೊಳ್ಳುವ ಮೊದಲೇ ಅಂಗಡಿಯವರನ್ನು ಇದನ್ನು ಕೇಳಿಬಿಡಿ.

ಒತ್ತಡದ ಲೆಕ್ಕ

ಆ ಪುಟ್ಟ ವಾಲ್ವಿಗೆ ನೀರಿನ ಒತ್ತಡ ಬೇಕು. ನಮ್ಮ ಫ್ರಿಜ್ಜಿನ ಜೊತೆ ಬಂದ ಪುಸ್ತಕದಲ್ಲಿ ಕನಿಷ್ಠ 20 ಪಿ.ಎಸ್.ಐ. ಎಂದಿದೆ. ನಿಮ್ಮ ಪುಸ್ತಕದಲ್ಲಿ ಎಷ್ಟಿದೆಯೋ ನೋಡಿಕೊಳ್ಳಿ. ಈಗ ನಮ್ಮ ಮಾಳಿಗೆಯ ಟ್ಯಾಂಕಿನ ಲೆಕ್ಕ ಕೇಳಿ. ನೀರು ಸುಮಾರು 2.3 ಅಡಿ ಎತ್ತರದಲ್ಲಿದ್ದರೆ 1 ಪಿ.ಎಸ್.ಐ. ಒತ್ತಡ ಸಿಗುತ್ತದೆ. ನಮ್ಮ ಟ್ಯಾಂಕು ಫ್ರಿಜ್ಜಿಗಿಂತ 12 ಅಡಿ ಮೇಲಿದೆ. ಅಂದರೆ ಸಿಗುವುದು 5 ಮಾತ್ರ! ಇಪ್ಪತ್ತು ಬೇಕಾದರೆ ಟ್ಯಾಂಕು 46 ಅಡಿ ಎತ್ತರದಲ್ಲಿರಬೇಕು. ಮನೆ ಮೇಲೆ ನಾಲ್ಕು ಮಾಳಿಗೆ ಕಟ್ಟಿಸಲಾದೀತೇ?

ಒತ್ತಡ ಕಡಿಮೆಯಾದರೆ ಐಸಿನ ಅಚ್ಚು ಪೂರ್ತಿ ತುಂಬುವುದಿಲ್ಲ. ಹಾಗಾಗಿಯೇ ನಮ್ಮ ಐಸು ಟೊಳ್ಳು. ಇನ್ನೂ ಒಂದು ತೊಂದರೆ ಇದೆ. ವಾಲ್ವು ಬಿಗಿಯಾಗಿ ಮುಚ್ಚಿಕೊಳ್ಳಲೂ ಹಿಂದಿನಿಂದ ಒತ್ತಡ ಬೇಕು. ಇಲ್ಲದಿದ್ದರೆ ಒಳಗೇ ತೊಟ್ಟಿಕ್ಕಿ ಐಸೆಲ್ಲ ಗಡ್ಡೆಯಾಗುತ್ತದೆ.

ಇದಕ್ಕೆ ಪರಿಹಾರ ಸಣ್ಣ ಬೂಸ್ಟರ್ ಪಂಪು. ಅದರಲ್ಲಿ ಒತ್ತಡ ಏರಿದಾಗ ತಾನೇ ನಿಲ್ಲುವ ಸ್ವಿಚ್ಚು ಇರಲೇಬೇಕು. ನೀರು ಖಾಲಿಯಾದಾಗ ನಿಲ್ಲುವ ಸ್ವಿಚ್ಚೂ ಇರಲಿ, ಇಲ್ಲದಿದ್ದರೆ ಪಂಪು ಸುಮ್ಮನೆ ಓಡಿ ಸುಟ್ಟುಹೋದೀತು. ದೊಡ್ಡ ಊರಿನ ಬಹುಮಹಡಿ ಮನೆಯಲ್ಲಿರುವವರಿಗೆ ಇದರ ತದ್ವಿರುದ್ಧ ತೊಂದರೆ ಇರಬಹುದು. ಅಲ್ಲಿ ಒತ್ತಡ ಹೆಚ್ಚಿದ್ದರೆ ತಗ್ಗಿಸುವ ವಾಲ್ವು ಹಾಕಿಸಬೇಕು.

ಯಾವ ನೀರು ಕೊಡಬೇಕು?

ಫ್ರಿಜ್ಜಿನಲ್ಲೇ ಫಿಲ್ಟರ್ ಇದೆಯಲ್ಲ, ಯಾವ ನೀರಾದರೇನು ಎಂದು ನಾನೂ ಅಂದುಕೊಂಡಿದ್ದೆ. ಆ ಫಿಲ್ಟರಿನಲ್ಲಿ ಸಾಮಾನ್ಯವಾಗಿ ಇರುವುದು ಇದ್ದಿಲು. ನಲ್ಲಿ ನೀರಿನ ಕ್ಲೋರಿನ್ ವಾಸನೆ ತೆಗೆಯಲು ಅದು ಸರಿ. ಗಡಸು ನೀರಿನ ಸುಣ್ಣವನ್ನಾಗಲೀ ಫ್ಲೋರೈಡನ್ನಾಗಲೀ ಅದು ತೆಗೆಯದು. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಸೋದರಿಯರಿಗೆ ಫ್ಲೋರೈಡಿನ ಬಗ್ಗೆ ನಾನು ಹೇಳಬೇಕಾಗಿಲ್ಲ. ನೀರು ಕುದಿಸಿದರೂ ಅದು ಹೋಗುವುದಿಲ್ಲ.

ನಿಮ್ಮ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿಗೆ 2012ರ ಭಾರತೀಯ ಮಾನಕದ ಪ್ರಕಾರ ಒಂದು ಲೀಟರಿನಲ್ಲಿ ಕರಗಿದ ಲವಣ 500 ಮಿಲಿಗ್ರಾಂ, ಗಡಸುತನ 200 ಮಿಲಿಗ್ರಾಂ, ಫ್ಲೋರೈಡ್ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಸಿಗದ ಕಡೆ ಲವಣ 2000, ಗಡಸುತನ 600, ಫ್ಲೋರೈಡ್ 1.5ರ ತನಕ ಒಪ್ಪಬಹುದು ಎಂದಿದೆ. ಗಡಸು ನೀರು ಕೊಟ್ಟರೆ ಫ್ರಿಜ್ಜಿನ ವಾಲ್ವಿನ ಬಾಯಲ್ಲಿರುವ ಜರಡಿಯಲ್ಲಿ ಸುಣ್ಣ ಕಟ್ಟುತ್ತದೆ. ನಮ್ಮದರಲ್ಲಿ ಹೀಗೇ ಆಗಿತ್ತು.

ಇನ್ನೊಂದು ಮಾತು. ಐಸು ಮಾಡಿದರೆ ಕ್ರಿಮಿ ಸಾಯುತ್ತದೆ ಎಂಬುದು ಶುದ್ಧ ತಪ್ಪು. ಎಷ್ಟೋ ಕ್ರಿಮಿಗಳು ಹೆಪ್ಪುಗಟ್ಟಿದ ನೀರಿನಲ್ಲೂ ಬದುಕಿರುತ್ತವೆ, ಕರಗಿದಾಗ ಮತ್ತೆ ಏಳುತ್ತವೆ. ಕುಡಿಯಲು ಯೋಗ್ಯವಲ್ಲದ ನೀರು ಐಸಿಗೂ ಯೋಗ್ಯವಲ್ಲ.

ನಾವು ಕೊನೆಗೆ ಆರ್.ಓ. ಶುದ್ಧೀಕರಣದ ನೀರನ್ನೇ ಕೊಟ್ಟೆವು. ಆದರೆ ಗೋಡೆಗೆ ತೂಗುಹಾಕಿದ ಶುದ್ಧೀಕರಣ ಯಂತ್ರದ ಡಬ್ಬಿಯಲ್ಲಿರುವ ನೀರಿಗೆ ಒತ್ತಡವೇ ಇಲ್ಲ. ಅದರೊಳಗಿನ ಪಂಪು ನೀರು ಶೋಧಿಸುವುದಕ್ಕೆ ಮಾತ್ರ. ಆದ್ದರಿಂದ ಡಬ್ಬಿಯಿಂದ ಮುಂದಕ್ಕೆ ಇನ್ನೊಂದು ಸಣ್ಣ ಪಂಪು ಹಾಕಿಸಬೇಕಾಯಿತು.

ಜೋಡಿಸುವಾಗ ಪಕ್ಕದಲ್ಲಿ ನಿಂತು ನೋಡಿ

1. ಮೊದಲು ಫ್ರಿಜ್ಜಿನ ಪ್ಲಗ್ ತೆಗೆಸಿ, ನೀರಿನ ಮುಖ್ಯ ವಾಲ್ವು ಮುಚ್ಚಿಸಿ.

2. ಪೈಪಿಗೆ ತೂತು ಕೊರೆಯುವ ಹಿಡಿಕೆ ಬೇಡವೇ ಬೇಡ. ಪೈಪು ಕತ್ತರಿಸಿ 'ಟಿ' ಕೂಡಿಸಿ, ಫ್ರಿಜ್ಜಿಗೆಂದೇ ಪ್ರತ್ಯೇಕ ನಲ್ಲಿ ಹಾಕಿಸಿ. ಅದು ಕೈಗೆ ಎಟುಕುವ ಕಡೆ ಇರಲಿ, ಫ್ರಿಜ್ಜಿನ ಹಿಂದೆ ಅಡಗಿರಬಾರದು.

3. ಬಿಸಿನೀರಿನ ಪೈಪಿಗೆ ಜೋಡಿಸಲೇಬಾರದು.

4. ಕಾಲು ಇಂಚಿನ, ಕುಡಿಯುವ ನೀರಿಗೆ ಯೋಗ್ಯವಾದ ಹೊಸ ಟ್ಯೂಬು ತರಿಸಿ. ಹಳೆಯದನ್ನು ಮತ್ತೆ ಹಾಕಬಾರದು. ತುದಿಯನ್ನು ನೇರವಾಗಿ ಕತ್ತರಿಸಬೇಕು. ಓರೆಯಾದರೆ ಅಲ್ಲೇ ಸೋರುತ್ತದೆ.

5. ಫ್ರಿಜ್ಜಿನ ಹಿಂದೆ ನಾಲ್ಕಾರು ಅಡಿ ಟ್ಯೂಬನ್ನು ಸುರುಳಿ ಸುತ್ತಿ ಬಿಡಲಿ. ಕಸ ಗುಡಿಸಲು ಫ್ರಿಜ್ಜು ಎಳೆದಾಗ ಟ್ಯೂಬು ಜಗ್ಗಬಾರದು, ಗಾಲಿಯ ಕೆಳಗೆ ಸಿಕ್ಕಿ ಮಡಿಸಿಕೊಳ್ಳಲೂ ಬಾರದು.

6. ಫ್ರಿಜ್ಜಿಗೆ ಜೋಡಿಸುವ ಮೊದಲು ಟ್ಯೂಬಿನ ತುದಿಯನ್ನು ಬಕೆಟ್ಟಿಗೆ ಬಿಟ್ಟು ನೀರು ಹರಿಸಿ. ಒಳಗಿನ ಚೂರು, ಧೂಳೆಲ್ಲ ಹೋಗಲಿ.

7. ಜೋಡಿಸಿದ ಮೇಲೆ ಪ್ರತಿ ಕೀಲಿನ ಕೆಳಗೂ ಒಣ ಕಾಗದ ಹಾಸಿ. ಒಂದು ಗಂಟೆ ಬಿಟ್ಟು ನೋಡಿ, ಮತ್ತೆ ಮಾರನೆಯ ಬೆಳಿಗ್ಗೆ ನೋಡಿ. ಒಂದು ಚುಕ್ಕೆ ಒದ್ದೆಯಾಗಿದ್ದರೂ ಪ್ಲಂಬರನ್ನು ವಾಪಸು ಕರೆಯಿರಿ. ಸಂಕೋಚ ಬೇಡ.

8. ಮೊದಲ ಹತ್ತು ಲೀಟರ್ ನೀರನ್ನು ಗಿಡಕ್ಕೆ ಹಾಕಿ. ಮೊದಲ ದಿನದ ಐಸನ್ನೂ ಉಪಯೋಗಿಸಬೇಡಿ.

ಆಮೇಲಿನ ಆರೈಕೆ

ಫಿಲ್ಟರನ್ನು ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಬದಲಿಸಬೇಕು. ನಾನು ಯುಗಾದಿಗೆ ಒಮ್ಮೆ, ನವರಾತ್ರಿಗೆ ಒಮ್ಮೆ ಎಂದು ಲೆಕ್ಕ ಇಟ್ಟುಕೊಂಡಿದ್ದೇನೆ, ಮರೆಯುವುದಿಲ್ಲ. ಅದೇ ದಿನ ಫ್ರಿಜ್ಜು ಎಳೆದು ಟ್ಯೂಬು, ಕೀಲುಗಳನ್ನೆಲ್ಲ ಕೈಯಿಂದ ಸವರಿ ನೋಡುತ್ತೇನೆ. ನಾಲ್ಕು ದಿನ ಊರಿಗೆ ಹೋಗುವುದಿದ್ದರೆ ಫ್ರಿಜ್ಜಿನ ನಲ್ಲಿ ಮುಚ್ಚಿ, ಪಂಪಿನ ಸ್ವಿಚ್ಚು ತೆಗೆದು, ಐಸು ಮಾಡುವ ಗುಂಡಿಯನ್ನೂ ನಿಲ್ಲಿಸಿ ಹೋಗಿ. ಟ್ಯೂಬು ಕಿತ್ತುಬಂದರೆ ಪಂಪಿಗೆ ಅದು ಗೊತ್ತಾಗುವುದಿಲ್ಲ. ಮನೆಯೊಳಕ್ಕೆ ನೀರು ಸುರಿಯುತ್ತಲೇ ಇರುತ್ತದೆ. ಬಂದ ಮೇಲೆ ನಿಂತ ನೀರನ್ನು ಚೆಲ್ಲಿ, ಹೊಸದನ್ನು ಹಿಡಿದು ಕುಡಿಯಿರಿ.

ಇಷ್ಟೆಲ್ಲ ರಾಮಾಯಣ ಒಂದು ಲೋಟ ತಣ್ಣೀರಿಗೆ ಬೇಕೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಮನೆತುಂಬ ಜನ, ಬೇಸಿಗೆಯಲ್ಲಿ ಬರುವ ಹೋಗುವ ನೆಂಟರು, ಒಳ್ಳೆಯ ನೀರು, ನಂಬಿಕೆಯ ಪ್ಲಂಬರು, ಇವೆಲ್ಲ ಇದ್ದರೆ ಹಾಕಿಸಿ, ಅನುಕೂಲವೇ. ಎರಡು ದಿನಕ್ಕೊಮ್ಮೆ ನೀರು ಬಿಡುವ ಊರಿನಲ್ಲಿ ಇಬ್ಬರೇ ಇರುವ ಮನೆಯಾದರೆ ಹೊಸ ಮಡಕೆಯೊಂದನ್ನು ತಂದು ಲಾವಂಚದ ಬೇರು ಹಾಕಿಡಿ. ಅದು ಸೋರಿದರೂ ತಂಪೇ!

ಅತ್ತೆಯ ಕೈ ಈಗ ಕೂಡಿಕೊಂಡಿದೆ. ಚಳಿಯಲ್ಲಿ ಮಾತ್ರ ಸ್ವಲ್ಪ ನೋವು. ಫ್ರಿಜ್ಜಿನ ನೀರನ್ನು ಅವರು ಇವತ್ತಿಗೂ ಕುಡಿಯುವುದಿಲ್ಲ, ಅವರಿಗೆ ಮಡಕೆಯೇ ಬೇಕು. ಆದರೆ ರಾತ್ರಿ ದೀಪ ಆರಿಸುವ ಮುನ್ನ ತಮ್ಮ ಕೋಣೆಯಿಂದಲೇ ದಿನವೂ ಕೂಗುತ್ತಾರೆ: "ಆ ನಲ್ಲಿ ತಿರುಗಿಸಿದ್ಯೇನಮ್ಮಾ?"

"ತಿರುಗಿಸಿದೆ ಅತ್ತೆ" ಎನ್ನುತ್ತೇನೆ. ಎಂದ ಮೇಲೂ ಎದ್ದು ಹೋಗಿ ಇನ್ನೊಮ್ಮೆ ನೋಡಿ ಬರುತ್ತೇನೆ. ನೆಲವನ್ನೂ ಅಂಗೈಯಿಂದ ಮುಟ್ಟಿ ನೋಡುತ್ತೇನೆ. ನೀವೂ ಇವತ್ತು ಒಮ್ಮೆ ನಿಮ್ಮ ಫ್ರಿಜ್ಜಿನ ಹಿಂದೆ ಬಗ್ಗಿ ನೋಡಿಬಿಡಿ.