ತಿಂದದ್ದು ಮೈಗೆ ಹತ್ತದ ಮಕ್ಕಳು



ಉತ್ತರ ಕರ್ನಾಟಕದ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ನಾವು ಹೌಸ್ ಸರ್ಜನ್ ಆಗಿದ್ದಾಗ, ವಾಂತಿಭೇದಿಯಿಂದ ಬಂದ ಕೂಸುಗಳಿಗೆ ಉಪ್ಪು-ಸಕ್ಕರೆಯ ನೀರು ಕುಡಿಸಿ, ತೂಕ ನೋಡಿ, ಗುಣವಾಯಿತೆಂದು ಬರೆದು ಕಳುಹಿಸುತ್ತಿದ್ದೆವು. ಎತ್ತರವನ್ನು ಅಳೆದ ನೆನಪಿಲ್ಲ. ಮರಳಿ ಬಂದ ತಾಯಿಯೊಬ್ಬರು, "ತಿಂದದ್ದು ಮೈಗೆ ಹತ್ತವಲ್ದ್ರಿ ಸಾಹೇಬ್ರ" ಎಂದರು. ಅದನ್ನು ನಾವು ವಾಡಿಕೆಯ ಮಾತೆಂದು ಭಾವಿಸಿದೆವು. ಅವರು ನುಡಿದದ್ದು ವೈದ್ಯಶಾಸ್ತ್ರದ ಸತ್ಯವಾಗಿತ್ತು.

ಎರಡು ವರ್ಷದ ಗಂಡುಮಗುವಿನ ಸರಾಸರಿ ಎತ್ತರ ಸುಮಾರು 87 ಸೆಂಟಿಮೀಟರ್. ಅದು 81ಕ್ಕಿಂತ ಕಡಿಮೆಯಿದ್ದರೆ ಕುಂಠಿತ ಬೆಳವಣಿಗೆ ಎನ್ನುತ್ತೇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳ ಸ್ಥಿತಿ ಇದು. "ನಮ್ಮವರು ಕುಳ್ಳರು, ಅದು ವಂಶದ ಗುಣ" ಎಂಬ ಸಮಾಧಾನ ಸಲ್ಲದು. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಳತೆಗೋಲಿಗೆ ಭಾರತ, ಘಾನಾ, ನಾರ್ವೆ, ಬ್ರೆಜಿಲ್, ಒಮಾನ್ ಮತ್ತು ಅಮೆರಿಕದ ಮಕ್ಕಳೇ ಆಧಾರ. ಒಳ್ಳೆಯ ಪಾಲನೆ ದೊರೆತರೆ ಎಳೆಯ ಮಕ್ಕಳು ಎಲ್ಲೆಡೆ ಹೆಚ್ಚುಕಡಿಮೆ ಒಂದೇ ರೀತಿ ಬೆಳೆಯುತ್ತಾರೆ.

ಹಾಗಾದರೆ ಅಡ್ಡಿ ಎಲ್ಲಿದೆ? ಸಣ್ಣ ಕರುಳಿನ ಒಳಮೈಯಲ್ಲಿ ಆಹಾರಸಾರವನ್ನು ಹೀರುವ, ಬೆರಳಿನಾಕಾರದ ಸೂಕ್ಷ್ಮ ಕುಚ್ಚುಗಳಿವೆ. ಮಲದಲ್ಲಿನ ರೋಗಾಣುಗಳು ನೀರು, ಕೈ, ನೊಣ ಮತ್ತು ಅಂಗಳದ ಮಣ್ಣಿನ ಮೂಲಕ ದಿನವೂ ಹೊಟ್ಟೆ ಸೇರಿದರೆ, ಭೇದಿಯಾಗದಿದ್ದರೂ ಆ ಕುಚ್ಚುಗಳು ಸವೆದು ಮೊಂಡಾಗುತ್ತವೆ. ಕರುಳಿನಲ್ಲಿ ಸದಾ ಉರಿಯೂತವಿರುತ್ತದೆ. ಬೆಳವಣಿಗೆಗೆ ಸಲ್ಲಬೇಕಾದ ಪೋಷಣೆ ಅದರೊಡನೆ ಸೆಣಸುವುದರಲ್ಲೇ ವ್ಯಯವಾಗುತ್ತದೆ.

ಇದಕ್ಕೆ ನಮ್ಮಂತಹ ವಲಸಿಗರೇ ಸಾಕ್ಷಿ ನುಡಿದಿದ್ದಾರೆ. ನ್ಯೂಯಾರ್ಕಿನಲ್ಲಿ ನೆಲೆಸಿದ ಭಾರತೀಯರ ಮತ್ತು ಪಾಕಿಸ್ತಾನೀಯರ ಕರುಳನ್ನು ಪರೀಕ್ಷಿಸಿ 1971ರಲ್ಲಿ ಪ್ರಕಟಿಸಿದ ಅಧ್ಯಯನವು, ಹೊಸ ಪರಿಸರದಲ್ಲಿ ಕಾಲ ಕಳೆದಂತೆ ಅದು ಚೇತರಿಸಿಕೊಳ್ಳುವುದನ್ನು ತೋರಿಸಿತು. ರಕ್ತ ಅದೇ, ಪರಿಸರ ಮಾತ್ರ ಬೇರೆ. ಆದರೆ ಮಗು ಕಳೆದುಕೊಂಡ ಎತ್ತರ ಅಷ್ಟು ಸುಲಭವಾಗಿ ಮರಳದು. ಗರ್ಭದಿಂದ ಎರಡನೆಯ ಹುಟ್ಟುಹಬ್ಬದವರೆಗಿನ ಸಾವಿರ ದಿನಗಳೇ ನಿರ್ಣಾಯಕ. ಮಿದುಳು ರೂಪುಗೊಳ್ಳುವುದೂ ಆಗಲೇ.

ಒಂದು ಎಚ್ಚರಿಕೆಯ ಮಾತು. ಬಾಂಗ್ಲಾದೇಶ, ಕೀನ್ಯಾ ಮತ್ತು ಜಿಂಬಾಬ್ವೆಗಳಲ್ಲಿ ನಡೆದ ದೊಡ್ಡ ಪ್ರಯೋಗಗಳ ಫಲಿತಾಂಶಗಳು 2018–19ರಲ್ಲಿ ಹೊರಬಂದವು. ಸುಧಾರಿತ ಶೌಚಾಲಯ, ಕ್ಲೋರಿನ್ ಬೆರೆಸಿದ ನೀರು, ಕೈತೊಳೆಯುವ ವ್ಯವಸ್ಥೆ ಇವುಗಳಿಂದ ಮಕ್ಕಳ ಎತ್ತರ ಹೆಚ್ಚಲಿಲ್ಲ. ಪೂರಕ ಆಹಾರದಿಂದ ಅಲ್ಪಸ್ವಲ್ಪ ಹೆಚ್ಚಿತು. ಬಾಂಗ್ಲಾದೇಶದಲ್ಲಿ ಭೇದಿಯೇನೋ ಕಡಿಮೆಯಾಯಿತು. ಶುಚಿತ್ವ ವ್ಯರ್ಥವೆಂದು ಇದರ ಅರ್ಥವಲ್ಲ. ಅರೆಬರೆ ಶುಚಿತ್ವ ಸಾಲದೆಂದು ಅನೇಕ ತಜ್ಞರು ಇದನ್ನು ಅರ್ಥೈಸಿದ್ದಾರೆ. ನೆರೆಮನೆಯ ಕೊಳಚೆ ನಮ್ಮ ಅಂಗಳಕ್ಕೆ ಹರಿಯುತ್ತಿರುವಾಗ ನಮ್ಮದೊಂದು ಶೌಚಾಲಯ ಮಗುವನ್ನು ಕಾಯಲಾರದು.

ಆದ್ದರಿಂದ ಹುಟ್ಟೂರಿಗೆ ನೆರವು ಕಳುಹಿಸುವಾಗ, ಕಟ್ಟಿದ ಶೌಚಾಲಯಗಳ ಸಂಖ್ಯೆ ಕೇಳಿ ತೃಪ್ತರಾಗದಿರೋಣ. ಗುಂಡಿ ತುಂಬಿದಾಗ ಮಲ ಎಲ್ಲಿಗೆ ಹೋಗುತ್ತದೆ? ಮನೆಯ ನಲ್ಲಿಯಲ್ಲಿ ಶುದ್ಧ ನೀರು ದಿನವೂ ಬರುತ್ತದೆಯೇ? ಬಸುರಿ ತಾಯಿಗೆ, ಎಳೆಯ ಕೂಸಿಗೆ ಬೇಳೆ, ಹಾಲು, ಮೊಟ್ಟೆ ದೊರೆಯುತ್ತಿವೆಯೇ? ಕೂಸಿನ ತೂಕದೊಡನೆ ಎತ್ತರವನ್ನೂ ಅಳೆಯುತ್ತಿದ್ದಾರೆಯೇ? ಅಂದು ವಾರ್ಡಿನಲ್ಲಿ ನಾವು ಕೇಳದೆ ಬಿಟ್ಟ ಪ್ರಶ್ನೆಗಳಿವು. ಈಗಲಾದರೂ ಕೇಳೋಣ.