ಪಟ್ಟಿಯಲ್ಲಿ ಸೇರದ ಹೆಸರು

(ಸಂತ ಜೋಕಿಂ ಮತ್ತು ಸಂತ ಅನ್ನಮ್ಮನವರ ಹಬ್ಬ – ಜುಲೈ 26)



ಕನ್ಯಾಮರಿಯಮ್ಮನವರ ತಂದೆತಾಯಿಯಾದ ಜೋಕಿಂ ಮತ್ತು ಅನ್ನಮ್ಮನವರ ಹಬ್ಬವನ್ನು ನಾವು ಜುಲೈ 26ರಂದು ಆಚರಿಸುತ್ತೇವೆ. ಈ ಹಬ್ಬಕ್ಕೆ ಹತ್ತಿರವಾಗಿ ಬರುವ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ ಅಜ್ಜಿಯರ ಹಾಗೂ ಹಿರಿಯರ ದಿನವೆಂದು ಪೋಪ್ ಫ್ರಾನ್ಸಿಸರು 2021ರಲ್ಲಿ ಘೋಷಿಸಿದರು. ಅಂದು ನಾವು ಹಿರಿಯರನ್ನು ಮುಂದಿನ ಬೆಂಚಿನಲ್ಲಿ ಕೂರಿಸುತ್ತೇವೆ, ಹೂ ಕೊಡುತ್ತೇವೆ, ಶಾಲು ಹೊದಿಸುತ್ತೇವೆ. ಸೋಮವಾರ ಬೆಳಿಗ್ಗೆ ಆ ಅಜ್ಜಿಯ ಮಾತ್ರೆಗೆ ದುಡ್ಡು ಎಲ್ಲಿಂದ ಬರುತ್ತದೆ ಎಂದು ಕೇಳುವುದನ್ನು ಮರೆಯುತ್ತೇವೆ. ಈ ಬಾರಿ ಆ ಪ್ರಶ್ನೆಯನ್ನೇ ಕೇಳೋಣ.

ಮೊದಲು ನನ್ನದೇ ತಪ್ಪೊಂದನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದ ಒಬ್ಬ ಕೂಲಿಕಾರ ತೀರಿಕೊಂಡರು. ವಯಸ್ಸು ಐವತ್ತೇಳು. ನಾನೇ ಅಂತ್ಯಕ್ರಿಯೆ ನಡೆಸಿದೆ, ನಾನೇ ದೇವಾಲಯದ ಮರಣ ದಾಖಲೆ ಪುಸ್ತಕದಲ್ಲಿ ಹೆಸರು ಬರೆದೆ. ನಾಲ್ಕು ವರ್ಷಗಳಾದ ಮೇಲೆ ಅವರ ಹೆಂಡತಿ ಬಲಿಪೂಜೆ ಮುಗಿದು ಎಲ್ಲರೂ ಹೋದ ಬಳಿಕ ಬಾಗಿಲ ಬಳಿ ನಿಂತಿದ್ದರು. “ಸ್ವಾಮಿ, ಪಕ್ಕದ ಮನೆಯಾಕೆಗೆ ತಿಂಗಳು ತಿಂಗಳು ದುಡ್ಡು ಬರ್ತದೆ. ನನಗೆ ಯಾಕೆ ಬರೋದಿಲ್ಲ? ನಮ್ಮೋರ ಹೆಸರು ಗುಡಿ ಪುಸ್ತಕದಲ್ಲಿ ಅದೆಯಲ್ಲ?” ಎಂದರು.

“ಅರ್ಜಿ ಹಾಕಿದ್ದೀರಾ ಅಮ್ಮ?” ಎಂದು ಕೇಳಿದೆ. ಅರ್ಜಿ ಹಾಕಬೇಕೆಂದೇ ಅವರಿಗೆ ಗೊತ್ತಿರಲಿಲ್ಲ. ದೇವಾಲಯದ ಪುಸ್ತಕದಲ್ಲಿ ಹೆಸರಿದ್ದರೆ ಸರ್ಕಾರಕ್ಕೂ ತಿಳಿಯುತ್ತದೆ ಎಂದುಕೊಂಡಿದ್ದರು. ನಾನು ಓದಿದವನು. ಸಮಾಧಿಗೆ ಹೋಗಿ ಬಂದ ಆ ಸಂಜೆ, “ಮರಣ ಪ್ರಮಾಣಪತ್ರ ಮಾಡಿಸಿದಿರಾ?” ಎಂಬ ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ತಿಂಗಳಿಗೆ 800 ರೂಪಾಯಿಯಂತೆ ನಾಲ್ಕು ವರ್ಷಕ್ಕೆ 38,400 ರೂಪಾಯಿ. ಅರ್ಜಿ ಹಾಕದ ತಿಂಗಳುಗಳ ಹಣ ಹಿಂದಿನಿಂದ ಎಣಿಸಿ ಬರುವುದಿಲ್ಲ.

ಪೌಲರ ಕಾಲದಲ್ಲೂ ಪಟ್ಟಿ ಇತ್ತು

‘ಯಾರು ಅರ್ಹರು?’ ಎಂಬ ಪ್ರಶ್ನೆ ಸರ್ಕಾರಿ ಕಚೇರಿಯಲ್ಲಿ ಹುಟ್ಟಿದ್ದಲ್ಲ. ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯವನ್ನು ತೆರೆದು ನೋಡಿ. ಜೆರುಸಲೇಮಿನಲ್ಲಿ ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ದೂರು ಬಂತು. ಪ್ರೇಷಿತರು ಆ ದೂರನ್ನು ತಳ್ಳಿಹಾಕಲಿಲ್ಲ. ಅದಕ್ಕಾಗಿಯೇ ಏಳು ಮಂದಿಯನ್ನು ನೇಮಿಸಿದರು. ತಿಮೊಥೇಯನಿಗೆ ಬರೆದ ಮೊದಲನೆಯ ಪತ್ರದ ಐದನೆಯ ಅಧ್ಯಾಯದಲ್ಲಂತೂ ನಿಯಮಗಳೇ ಇವೆ. ಪಟ್ಟಿಗೆ ಸೇರುವ ವಿಧವೆಗೆ ಅರವತ್ತು ವರ್ಷ ಆಗಿರಬೇಕು. ಮಕ್ಕಳು ಮೊಮ್ಮಕ್ಕಳಿದ್ದರೆ ಮೊದಲು ಅವರು ತಮ್ಮ ಋಣ ತೀರಿಸಬೇಕು. ನಿಜವಾಗಿ ಯಾರೂ ಇಲ್ಲದವರಿಗೆ ಸಭೆಯ ನೆರವು ಸಿಗಬೇಕು. ವಯಸ್ಸು, ಆಸರೆ, ಬಡತನ – ಈ ಮೂರು ಅಳತೆಗಳೇ ಇಂದಿನ ಪಿಂಚಣಿಯ ನಿಯಮಗಳಲ್ಲೂ ಇವೆ.

ನಮ್ಮ ಸಂವಿಧಾನದ 41ನೆಯ ವಿಧಿಯು ನಿರುದ್ಯೋಗ, ವೃದ್ಧಾಪ್ಯ, ಕಾಯಿಲೆ ಮತ್ತು ಅಂಗವೈಕಲ್ಯದ ಸಂದರ್ಭದಲ್ಲಿ ಪ್ರಜೆಗೆ ಸಾರ್ವಜನಿಕ ನೆರವು ದೊರಕಿಸುವಂತೆ ರಾಜ್ಯಕ್ಕೆ ನಿರ್ದೇಶಿಸುತ್ತದೆ. ಪೋಪ್ 23ನೆಯ ಜಾನ್ ಅವರು 1963ರ ‘ಪಾಚೆಮ್ ಇನ್ ತೆರ್ರಿಸ್’ ವಿಶ್ವಪತ್ರದಲ್ಲಿ ವೈಧವ್ಯ, ಮುಪ್ಪು, ಅಂಗವೈಕಲ್ಯಗಳಲ್ಲಿ ಆಸರೆ ಪಡೆಯುವುದನ್ನು ಮನುಷ್ಯನ ಹಕ್ಕುಗಳಲ್ಲಿ ಸೇರಿಸಿದರು. ಆದ್ದರಿಂದ ಪಿಂಚಣಿ ಕೇಳುವುದು ಭಿಕ್ಷೆ ಬೇಡಿದಂತಲ್ಲ. “ನಮ್ಮ ಮನೆತನಕ್ಕೆ ಅವಮಾನ” ಎಂದು ಹೇಳಿ ತಾಯಿಯನ್ನು ಅರ್ಜಿ ಹಾಕದಂತೆ ತಡೆಯುವ ಮಕ್ಕಳು ಇದನ್ನು ಯೋಚಿಸಬೇಕು.

ಯಾರು ಅರ್ಹರು?

ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ ಆರಂಭವಾದದ್ದು 1995ರ ಆಗಸ್ಟ್ 15ರಂದು. ಕರ್ನಾಟಕ ಸರ್ಕಾರ ತನ್ನ ಪಾಲು ಸೇರಿಸಿ ಪಿಂಚಣಿ ಕೊಡುತ್ತದೆ. ತನ್ನದೇ ಯೋಜನೆಗಳನ್ನೂ ನಡೆಸುತ್ತದೆ. ಮುಖ್ಯವಾದವು ಇವು:

ವೃದ್ಧಾಪ್ಯ ವೇತನ: ಬಡತನ ರೇಖೆಗಿಂತ ಕೆಳಗಿನ ಕುಟುಂಬದ, 60 ವರ್ಷ ತುಂಬಿದ ಹಿರಿಯರಿಗೆ. ಮೊದಲು 65 ಇದ್ದ ವಯೋಮಿತಿಯನ್ನು 2011ರಲ್ಲಿ 60ಕ್ಕೆ ಇಳಿಸಲಾಯಿತು. 65 ದಾಟಿದವರಿಗೆ ಮೊತ್ತ ಹೆಚ್ಚು.

ಸಂಧ್ಯಾ ಸುರಕ್ಷಾ: 2007ರಲ್ಲಿ ಆರಂಭವಾದ ರಾಜ್ಯದ ಯೋಜನೆ. 65 ವರ್ಷ ದಾಟಿದ ಸಣ್ಣ ಮತ್ತು ಅತಿ ಸಣ್ಣ ರೈತರು, ಕೃಷಿ ಕೂಲಿಗಳು, ನೇಕಾರರು, ಮೀನುಗಾರರು ಹಾಗೂ ಅಸಂಘಟಿತ ವಲಯದ ಕಾರ್ಮಿಕರಿಗೆ. 2021ರಲ್ಲಿ ತಿಂಗಳಿಗೆ 1,000ದಿಂದ 1,200 ರೂಪಾಯಿಗೆ ಏರಿತು.

ವಿಧವಾ ವೇತನ: 18 ವರ್ಷ ದಾಟಿದ ಬಡ ವಿಧವೆಯರಿಗೆ. 2021ರಲ್ಲಿ 600ರಿಂದ 800 ರೂಪಾಯಿಗೆ ಏರಿತು. ಮರುಮದುವೆಯಾದರೆ ನಿಲ್ಲುತ್ತದೆ.

ಅಂಗವಿಕಲರ ವೇತನ: ಶೇಕಡ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯವಿರುವವರಿಗೆ. ಶೇಕಡ 75ರವರೆಗೆ ಒಂದು ದರ, ಅದಕ್ಕೂ ಮೇಲ್ಪಟ್ಟವರಿಗೆ ಹೆಚ್ಚಿನ ದರ. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಕೈಕಾಲು, ಕಣ್ಣು, ಕಿವಿಯ ತೊಂದರೆ ಮಾತ್ರವಲ್ಲ, ಬುದ್ಧಿಮಾಂದ್ಯತೆ ಮತ್ತು ಮಾನಸಿಕ ಕಾಯಿಲೆಯೂ ಇದರಲ್ಲಿ ಸೇರಿವೆ. ಮನೆಯ ಒಳಕೋಣೆಯಲ್ಲಿ ಕೂರಿಸಿರುವ ಮಗುವನ್ನು ವೈದ್ಯರ ಬಳಿ ಕರೆದೊಯ್ದು ಗುರುತಿನ ಚೀಟಿ ಮಾಡಿಸಿ.

ಮನಸ್ವಿನಿ: 40ರಿಂದ 64 ವರ್ಷದೊಳಗಿನ, ಮದುವೆಯಾಗದ ಅಥವಾ ವಿಚ್ಛೇದನ ಪಡೆದ ಬಡ ಮಹಿಳೆಯರಿಗೆ.

ಕುಟುಂಬ ನೆರವು: ದುಡಿದು ಮನೆ ನಡೆಸುತ್ತಿದ್ದವರು 18ರಿಂದ 59ರ ನಡುವೆ ತೀರಿಕೊಂಡರೆ, ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ಒಂದೇ ಬಾರಿಗೆ 20,000 ರೂಪಾಯಿ. ನಾನು ಮೇಲೆ ಹೇಳಿದ ಆ ಕುಟುಂಬಕ್ಕೆ ಈ ಸಹಾಯವಿದೆ ಎಂದೂ ಯಾರೂ ಹೇಳಿರಲಿಲ್ಲ.

ದರಗಳು ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ದಿನ ನಾಡಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ.

ಆದಾಯದ ಲೆಕ್ಕ

ಹೆಚ್ಚಿನವರು ಎಡವುವುದು ಇಲ್ಲೇ. “ನಮ್ಮದು ಬಿ.ಪಿ.ಎಲ್. ಕಾರ್ಡು, ಪಿಂಚಣಿ ಯಾಕೆ ಬರುವುದಿಲ್ಲ?” ಎಂದು ಕೇಳುತ್ತಾರೆ. ಕಾರ್ಡಿಗೆ ಕುಟುಂಬದ ಆದಾಯದ ಮಿತಿ ವರ್ಷಕ್ಕೆ 1.20 ಲಕ್ಷ ರೂಪಾಯಿ. ಪಿಂಚಣಿಗೆ ಮಿತಿ ವರ್ಷಕ್ಕೆ 32,000 ರೂಪಾಯಿ. ಅಂದರೆ ದಿನಕ್ಕೆ ಸುಮಾರು 88 ರೂಪಾಯಿ. ಆದ್ದರಿಂದ ಕಾರ್ಡು ಇದ್ದ ಮಾತ್ರಕ್ಕೆ ಪಿಂಚಣಿ ಸಿಗುವುದಿಲ್ಲ. ತಹಶೀಲ್ದಾರರ ಕಚೇರಿಯಿಂದ ಬರುವ ಆದಾಯ ಪ್ರಮಾಣಪತ್ರದಲ್ಲಿ ಬರೆದ ಮೊತ್ತವೇ ಲೆಕ್ಕಕ್ಕೆ ಬರುತ್ತದೆ.

ಸಂಧ್ಯಾ ಸುರಕ್ಷಾಕ್ಕೆ ನೋಡುವುದು ಗಂಡ ಹೆಂಡತಿಯ ಒಟ್ಟು ಆದಾಯವನ್ನು. ದೊಡ್ಡ ಮಕ್ಕಳಿದ್ದೂ ಅವರ ಪೋಷಣೆಯಲ್ಲಿ ಇಲ್ಲದ ತಂದೆತಾಯಿ ಅರ್ಜಿ ಹಾಕಬಹುದು. ಮಗ ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇದ್ದಾನೆ, ಆದರೆ ಮನೆಗೆ ದುಡ್ಡು ಕಳಿಸುವುದಿಲ್ಲ ಎಂಬ ಸಂಕಟದ ಹಿರಿಯರು ನಮ್ಮಲ್ಲಿ ಎಷ್ಟು ಮಂದಿ! ಮಗನ ಮರ್ಯಾದೆ ಉಳಿಸಲು ಅವರು ಬಾಯಿ ಬಿಡುವುದಿಲ್ಲ. ಅನುಕೂಲವಿದ್ದೂ ನೋಡಿಕೊಳ್ಳದ ಮಕ್ಕಳ ವಿರುದ್ಧ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಂತೆ ಉಪವಿಭಾಗಾಧಿಕಾರಿಗಳ ಮುಂದೆ ಜೀವನಾಂಶ ಕೇಳಲೂ ಅವಕಾಶವಿದೆ. ಪಿಂಚಣಿ ಬಂತೆಂದು ಮಕ್ಕಳ ಕರ್ತವ್ಯ ಮುಗಿಯುವುದಿಲ್ಲ. ಪೌಲರು ಮೊದಲು ಹೇಳಿದ್ದು ಅದನ್ನೇ.

ಬೇರೆ ಪಿಂಚಣಿ ಬರುತ್ತಿರುವವರು ಅರ್ಹರಲ್ಲ. ಒಬ್ಬರಿಗೆ ಒಂದೇ ಸಾಮಾಜಿಕ ಭದ್ರತಾ ಪಿಂಚಣಿ. ಆದರೆ 2023ರ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿ ಯೋಜನೆಯ ಲೆಕ್ಕವೇ ಬೇರೆ. ಪಡಿತರ ಚೀಟಿಯಲ್ಲಿ ಕುಟುಂಬದ ಯಜಮಾನಿ ಎಂದು ನಮೂದಾದ ಮಹಿಳೆಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಯೋಜನೆ ಅದು. ಆಕೆ ಅಥವಾ ಗಂಡ ಆದಾಯ ತೆರಿಗೆ ಕಟ್ಟುವವರಾಗಿರಬಾರದು. ವಿಧವಾ ವೇತನ ಬರುತ್ತಿದೆ ಎಂಬ ಕಾರಣಕ್ಕೆ ಗೃಹಲಕ್ಷ್ಮಿ ತಪ್ಪುವುದಿಲ್ಲ.

ಕ್ರೈಸ್ತರಿಗೆ ಸಿಗುವುದಿಲ್ಲವೇ?

ಈ ಮಾತನ್ನು ಅನೇಕ ಮನೆಗಳಲ್ಲಿ ಕೇಳಿದ್ದೇನೆ. ಇದು ತಪ್ಪು ತಿಳುವಳಿಕೆ. ಪರಿಶಿಷ್ಟ ಜಾತಿಗೆ ಮೀಸಲಾದ ಸೌಲಭ್ಯಗಳು 1950ರ ರಾಷ್ಟ್ರಪತಿಗಳ ಆದೇಶದ ಕಾರಣ ದಲಿತ ಕ್ರೈಸ್ತರಿಗೆ ಸಿಗುತ್ತಿಲ್ಲ ಎಂಬುದು ನಿಜ. ಆ ಆದೇಶದಲ್ಲಿ 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು, ಕ್ರೈಸ್ತರನ್ನು ಸೇರಿಸಲಿಲ್ಲ. ಆ ನೋವು ಬೇರೆ, ಆ ಹೋರಾಟ ಬೇರೆ. ಪಿಂಚಣಿಗೆ ಜಾತಿಯೂ ಅಡ್ಡಿಯಲ್ಲ, ಧರ್ಮವೂ ಅಡ್ಡಿಯಲ್ಲ. ವಯಸ್ಸು, ಬಡತನ, ವೈಧವ್ಯ, ಅಂಗವೈಕಲ್ಯ ಇವಿಷ್ಟೇ ಅಲ್ಲಿ ಮುಖ್ಯ.

ನಮ್ಮ ಮನೆಗಳಲ್ಲಿ ಆಗುವ ತೊಡಕುಗಳು

ಮೊದಲನೆಯದು ಮರಣ ಪ್ರಮಾಣಪತ್ರ. ದೇವಾಲಯದ ಪುಸ್ತಕದ ಪ್ರತಿ ಇದಕ್ಕೆ ಬದಲಿಯಾಗುವುದಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ನೋಂದಣಾಧಿಕಾರಿಗಳು ಕೊಟ್ಟ ಪತ್ರವೇ ಬೇಕು. ಸಾವಾದ 21 ದಿನಗಳೊಳಗೆ ನೋಂದಾಯಿಸುವುದು ಸುಲಭ. ಒಂದು ವರ್ಷ ಕಳೆದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ಆ ತಾಯಿ ಅದಕ್ಕಾಗಿಯೇ ಎಷ್ಟೋ ದಿನ ಕೂಲಿ ಬಿಟ್ಟು ಅಲೆದರು.

ಎರಡನೆಯದು ಹೆಸರು. ಜ್ಞಾನಸ್ನಾನದಲ್ಲಿ ಮರಿಯ ಮಗ್ದಲೇನ, ಮನೆಯಲ್ಲಿ ಮರಿಯಮ್ಮ, ಪಡಿತರ ಚೀಟಿಯಲ್ಲಿ ಮೇರಿ, ಆಧಾರಿನಲ್ಲಿ ಎಂ. ಮೇರಿಯಮ್ಮ! ನಮಗೆ ಇವರೆಲ್ಲ ಒಬ್ಬರೇ, ಕಂಪ್ಯೂಟರಿಗೆ ನಾಲ್ವರು. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಹೆಸರು ಮತ್ತು ವಯಸ್ಸು ಒಂದೇ ಇರುವಂತೆ ಮೊದಲೇ ಸರಿಪಡಿಸಿಕೊಳ್ಳಿ.

ಮೂರನೆಯದು ಖಾತೆ. ಹಿಂದೆ ಅಂಚೆಯಣ್ಣ ಮನಿಯಾರ್ಡರ್ ತಂದು ಕೈಗೆ ಕೊಡುತ್ತಿದ್ದರು. ಈಗ ಹಣ ಆಧಾರ್ ಜೋಡಣೆಯಾದ ಖಾತೆಗೆ ಹೋಗುತ್ತದೆ. ಎರಡು ಮೂರು ಖಾತೆಗಳಿದ್ದರೆ ಯಾವುದಕ್ಕೆ ಜೋಡಣೆಯಾಗಿದೆ ಎಂದು ಬ್ಯಾಂಕಿನಲ್ಲಿ ಕೇಳಿ. “ಪಿಂಚಣಿ ನಿಂತುಹೋಗಿದೆ” ಎಂದವರ ಹಣ ಮರೆತುಹೋದ ಖಾತೆಯಲ್ಲಿ ಬಿದ್ದಿದ್ದನ್ನು ನಾನೇ ನೋಡಿದ್ದೇನೆ.

ಅರ್ಜಿಯನ್ನು ನಾಡಕಚೇರಿಯಲ್ಲಿ ಕೊಡಬೇಕು. ಗ್ರಾಮ ಆಡಳಿತ ಅಧಿಕಾರಿ ಮತ್ತು ಕಂದಾಯ ನಿರೀಕ್ಷಕರು ಪರಿಶೀಲಿಸುತ್ತಾರೆ, ನಂತರ ಮಂಜೂರಾತಿ. ಸ್ವೀಕೃತಿ ಪತ್ರವನ್ನು ಕೇಳಿ ಪಡೆಯಿರಿ. 2011ರ ಸಕಾಲ ಕಾಯ್ದೆಯಂತೆ ಗೊತ್ತಾದ ದಿನಗಳೊಳಗೆ ಕೆಲಸವಾಗದಿದ್ದರೆ ಆ ಪತ್ರದ ಸಂಖ್ಯೆ ಹಿಡಿದು ಮೇಲ್ಮನವಿ ಹಾಕಬಹುದು. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಹೋಬಳಿಗಳಲ್ಲಿ ಪಿಂಚಣಿ ಅದಾಲತ್ ನಡೆದಾಗ ತಪ್ಪದೆ ಹೋಗಿ. ‘ನಾನು ಮಾಡಿಸಿಕೊಡುತ್ತೇನೆ’ ಎಂದು ದುಡ್ಡು ಕೇಳುವ ಮಧ್ಯವರ್ತಿಗಳನ್ನು ದೂರವಿಡಿ.

ಮನಸ್ಸಾಕ್ಷಿಗೆ ಎರಡು ಮಾತು

ಅನುಕೂಲವಿದ್ದೂ ಸುಳ್ಳು ಆದಾಯ ಬರೆಸಿ ಪಿಂಚಣಿ ಪಡೆಯುವುದು ಬಡವರ ತಟ್ಟೆಯಿಂದ ಕದ್ದಂತೆ. ಅಜ್ಜಿಯ ಎ.ಟಿ.ಎಂ. ಕಾರ್ಡನ್ನು ಮೊಮ್ಮಗ ಜೇಬಿನಲ್ಲಿಟ್ಟುಕೊಂಡು ತನ್ನ ಮೊಬೈಲಿಗೆ ಕರೆನ್ಸಿ ಹಾಕಿಸುವುದೂ ಕಳ್ಳತನವೇ. ಪಾಪನಿವೇದನೆಗೆ ಬರುವಾಗ ಇವನ್ನೂ ನೆನಪಿಸಿಕೊಳ್ಳೋಣ.

ಈ ಹಬ್ಬಕ್ಕೆ ಪ್ರತಿಯೊಂದು ಕಿರು ಕ್ರೈಸ್ತ ಸಮುದಾಯಕ್ಕೂ ಒಂದು ಕೆಲಸ ಕೊಡುತ್ತೇನೆ. ಹೂವಿನ ಜೊತೆಗೆ ಒಂದು ಪೆನ್ನು, ಒಂದು ನೋಟ್‌ಬುಕ್ ಹಿಡಿದು ಮನೆಮನೆಗೆ ಹೋಗಿ. ಮೂರು ಪ್ರಶ್ನೆ ಕೇಳಿ: ಈ ಮನೆಯಲ್ಲಿ ಅರವತ್ತು ದಾಟಿದವರು, ವಿಧವೆಯರು, ಅಂಗವಿಕಲರು ಯಾರಿದ್ದಾರೆ? ಅವರಿಗೆ ಪಿಂಚಣಿ ಬರುತ್ತಿದೆಯೇ? ಬರದಿದ್ದರೆ ಯಾವ ಕಾಗದ ಕಡಿಮೆಯಾಗಿದೆ? ಓದು ಬರುವ ಯುವಕ ಯುವತಿಯರು ಒಂದು ದಿನ ಅವರೊಂದಿಗೆ ನಾಡಕಚೇರಿಗೆ ಹೋಗಿ ಬರಲಿ. ಜೆರುಸಲೇಮಿನಲ್ಲಿ ಆ ಏಳು ಮಂದಿ ಮಾಡಿದ್ದು ಇಂಥದೇ ಕೆಲಸ. ಅವರಲ್ಲಿ ಮೊದಲನೆಯವರು ಸಂತ ಸ್ತೇಫನರು.

ಆ ತಾಯಿಗೆ ಕೊನೆಗೂ ಪಿಂಚಣಿ ಮಂಜೂರಾಯಿತು. ಮೊದಲ ತಿಂಗಳ ಹಣ ಬಂದಾಗ ಗಂಡನ ಹೆಸರಿನಲ್ಲಿ ಪೂಜೆ ಹೇಳಿಸಲು ಬಂದರು. ನಾನು ಪೂಜೆಯ ಕಾಣಿಕೆ ತೆಗೆದುಕೊಳ್ಳಲಿಲ್ಲ. ಆ ದಿನದಿಂದ ಅಂತ್ಯಕ್ರಿಯೆ ಮುಗಿಸಿ ಪುಸ್ತಕದಲ್ಲಿ ಹೆಸರು ಬರೆಯುವಾಗಲೆಲ್ಲ, ಮರಣ ಪ್ರಮಾಣಪತ್ರ ಮಾಡಿಸಿದಿರಾ ಎಂದು ಮನೆಯವರನ್ನು ಕೇಳುತ್ತೇನೆ.

ಸಂತ ಜೋಕಿಂ ಮತ್ತು ಸಂತ ಅನ್ನಮ್ಮನವರು ನಮ್ಮ ಹಿರಿಯರಿಗಾಗಿ ಪ್ರಾರ್ಥಿಸಲಿ. ನಿಮ್ಮೆಲ್ಲರಿಗೂ ಹಬ್ಬದ ಶುಭಾಶಯಗಳು.